ಡಿಸ್ನಿ ವರ್ಲ್ಡ್‌ಗೆ ಎಷ್ಟು ದಿನ? ಟಿಕೆಟ್ ನೋಡಿ ಅಲ್ಲ, ಮನೆಯವರನ್ನು ನೋಡಿ ಲೆಕ್ಕ ಹಾಕಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಫ್ಲೋರಿಡಾದಲ್ಲಿರುವ ನಮ್ಮಂಥವರಿಗೆ ಊರಿನಿಂದ ಫೋನು ಶುರುವಾಗುತ್ತದೆ. ಮಗಳ ಮನೆಗೆ ಬರುವ ಅಪ್ಪ ಅಮ್ಮ, ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಬರುವ ತಮ್ಮ, ಟೂರ್ ಕಂಪನಿಗೆ ದುಡ್ಡು ಕಟ್ಟಿ ಬರುವ ಹಳೆಯ ಗೆಳತಿ, ಎಲ್ಲರದ್ದೂ ಒಂದೇ ಪ್ರಶ್ನೆ. "ಒರ್ಲ್ಯಾಂಡೊಗೆ ಎಷ್ಟು ದಿನ ಇಟ್ಟುಕೊಳ್ಳೋಣ?" ಡಿಸ್ನಿ ವರ್ಲ್ಡ್ ಇರುವುದು ಈ ಊರಿನ ಹತ್ತಿರ. ನಿಮ್ಮ ಪ್ರವಾಸ ಪುಟದಲ್ಲಿ ಡಿಸ್ನಿ ವರ್ಲ್ಡ್ ಬಗ್ಗೆ ಬರಹ ಬಂದಾಗೆಲ್ಲ ತಪ್ಪದೆ ಓದುತ್ತೇನೆ. ಕೋಟೆ ಇರುತ್ತದೆ, ರಾತ್ರಿಯ ಪಟಾಕಿ ಇರುತ್ತದೆ, ರೈಡುಗಳ ವರ್ಣನೆ ಇರುತ್ತದೆ. ಯಾರಿಗೆ ಎಷ್ಟು ದಿನ ಸಾಕು ಅನ್ನೋದು ಮಾತ್ರ ಇರೋದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಪ್ರಕಟಿಸಿ ಅಂತ ಕೇಳಿಕೊಳ್ಳುತ್ತೇನೆ.

ಮೊದಲು ಜಾಗದ ಅಂದಾಜು ಸಿಗಬೇಕು. ನಮ್ಮಲ್ಲಿ ಪಾರ್ಕ್ ಅಂದರೆ ಬಿಡದಿಯ ವಂಡರ್‌ಲಾ ಕಣ್ಣ ಮುಂದೆ ಬರುತ್ತದೆ. 2005ರಲ್ಲಿ ಶುರುವಾದ ಅದು ಬೆಂಗಳೂರಿನಿಂದ 28 ಕಿ.ಮೀ. ಬೆಳಿಗ್ಗೆ ಹೊರಟು, ಆಟ ಆಡಿ, ನೀರಲ್ಲಿ ನೆಂದು, ರಾತ್ರಿ ಊಟಕ್ಕೆ ಮನೆ ಸೇರಬಹುದು. ಒಂದು ಗೇಟು, ಒಂದು ದಿನ. ಇದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಒರ್ಲ್ಯಾಂಡೊಗೆ ಬರುವವರು ತುಂಬಾ ಜನ. ಡಿಸ್ನಿ ವರ್ಲ್ಡ್ ಸುಮಾರು 25 ಸಾವಿರ ಎಕರೆ ಜಾಗ. ಒಳಗೆ ನಾಲ್ಕು ಬೇರೆ ಬೇರೆ ಪಾರ್ಕುಗಳಿವೆ. 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಹೆಚ್ಚಿನವು ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುವಷ್ಟು ಹತ್ತಿರ ಇಲ್ಲ, ಬಸ್ಸೋ ಕಾರೋ ಬೇಕು. ಎರಡು ವಾಟರ್ ಪಾರ್ಕುಗಳು ಬೇರೆ. ಡಿಸ್ನಿಯಿಂದ ಸ್ವಲ್ಪ ದೂರದಲ್ಲಿ ಬೇರೆ ಕಂಪನಿಯ ಯೂನಿವರ್ಸಲ್ ಇದೆ, ಅದಕ್ಕೆ 2025ರ ಮೇ ತಿಂಗಳಲ್ಲಿ ಎಪಿಕ್ ಯೂನಿವರ್ಸ್ ಅನ್ನುವ ಇನ್ನೊಂದು ದೊಡ್ಡ ಪಾರ್ಕ್ ಸೇರಿಕೊಂಡಿದೆ. ಎಲ್ಲವನ್ನೂ ನೋಡಿ ಮುಗಿಸ್ತೀವಿ ಅಂತ ಹೊರಟರೆ ಎರಡು ವಾರವೂ ಸಾಲದು. ಹಾಗಾಗಿ "ಎಲ್ಲ ನೋಡಲು ಎಷ್ಟು ದಿನ ಬೇಕು" ಅಂತ ಕೇಳುವುದರಲ್ಲಿ ಅರ್ಥವಿಲ್ಲ. "ನಮ್ಮ ಮನೆಯ ಚಿಕ್ಕ ಮಗುವಿಗೆ, ನಮ್ಮ ಮನೆಯ ಹಿರಿಯರಿಗೆ ಎಷ್ಟು ದಿನ ತಡೆಯುತ್ತದೆ" ಅಂತ ಕೇಳಿಕೊಳ್ಳಿ. ಉತ್ತರ ಅಲ್ಲಿಂದ ಬರುತ್ತದೆ.

ದಿನಗಳು ಜಾಸ್ತಿಯಾಗುವುದು ಟಿಕೆಟ್ಟಿನ ಬೆಲೆಯಿಂದ. ಒಂದು ದಿನದ ಟಿಕೆಟ್ ನೂರು ಡಾಲರ್ ದಾಟುತ್ತದೆ. ದಿನ ಹೆಚ್ಚಾದ ಹಾಗೆ ದಿನದ ಲೆಕ್ಕದಲ್ಲಿ ಬೆಲೆ ಇಳಿಯುತ್ತಾ ಹೋಗುತ್ತದೆ. ಮೂರು ದಿನಕ್ಕೆ ಇಷ್ಟು, ನಾಲ್ಕಕ್ಕೆ ಇಷ್ಟು, ಐದನೇ ದಿನಕ್ಕೆ ಬರೀ ಇಷ್ಟೇ ಹೆಚ್ಚು ಅಂತ ಸ್ಕ್ರೀನಿನಲ್ಲಿ ಕಂಡ ಕೂಡಲೇ "ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ದಿನ ಸೇರಿಸಿಬಿಡೋಣ" ಅನ್ನಿಸುತ್ತದೆ. ಆದರೆ ಆ ಒಂದು ದಿನಕ್ಕೆ ಇನ್ನೊಂದು ರಾತ್ರಿ ಹೋಟೆಲ್ ಬಾಡಿಗೆ, ಪಾರ್ಕಿಂಗ್, ಊಟ ತಿಂಡಿ ಎಲ್ಲ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಷ್ಟು ಹೊತ್ತಿಗೆ ಕಾಲು ಸೋತಿರುತ್ತದೆ. ಇಲ್ಲಿ ದಿನಕ್ಕೆ ಹತ್ತು ಕಿ.ಮೀ. ನಡೆಯೋದು ಮಾಮೂಲು. ಅದೂ ಮೇ-ಜೂನ್ ಬಿಸಿಲಿನಲ್ಲಿ, ಬೆವರು ಆರದ ಸೆಕೆಯಲ್ಲಿ. ಮಂಗಳೂರಿನವರಿಗೆ ಈ ಸೆಕೆ ಹೊಸದಲ್ಲ. ತುಮಕೂರು, ಮೈಸೂರು ಕಡೆಯಿಂದ ಬಂದವರು ಎರಡನೇ ದಿನವೇ ಸುಸ್ತಾಗುತ್ತಾರೆ.

ಹಾಗಾದರೆ ಎಷ್ಟು? ಮೊದಲ ಸಲ ಬರುವ, ಮಕ್ಕಳು ಮತ್ತು ಹಿರಿಯರು ಇಬ್ಬರೂ ಇರುವ ಮನೆಗೆ ನಾನು ಹೇಳುವುದು: ಒರ್ಲ್ಯಾಂಡೊದಲ್ಲಿ ಆರು ರಾತ್ರಿ, ಪಾರ್ಕಿಗೆ ನಾಲ್ಕೇ ದಿನ. ಬಂದ ದಿನ ಪಾರ್ಕ್ ಬೇಡ. ಎರಡು ದಿನ ಪಾರ್ಕ್, ಆಮೇಲೆ ಒಂದು ದಿನ ಪೂರ್ತಿ ಖಾಲಿ, ಮತ್ತೆ ಎರಡು ದಿನ ಪಾರ್ಕ್. ಈ ಖಾಲಿ ದಿನಕ್ಕೆ ಟಿಕೆಟ್ ದುಡ್ಡು ಹಾಳಾಗುತ್ತದೆ ಅನ್ನುವ ಭಯ ಬೇಡ. ಡಿಸ್ನಿಯ ಸಾಮಾನ್ಯ 4 ದಿನದ ಟಿಕೆಟ್ಟನ್ನು ಮೊದಲ ದಿನದಿಂದ ಹಿಡಿದು 7 ದಿನಗಳ ಒಳಗೆ ಯಾವಾಗ ಬೇಕಾದರೂ ಬಳಸಬಹುದು, ಸಾಲಾಗಿ ನಾಲ್ಕು ದಿನ ಹೋಗಲೇಬೇಕು ಅಂತೇನಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಜ್ವರ ಬಂದ ಮಗುವನ್ನೂ ಎತ್ತಿಕೊಂಡು ಹೋಗುತ್ತಾರೆ.

ಖಾಲಿ ದಿನ ಅಂದರೆ ನಿಜವಾಗಿಯೂ ಖಾಲಿ ಇರಬೇಕು. ಆ ದಿನ ಕೆನಡಿ ಸ್ಪೇಸ್ ಸೆಂಟರ್‌ಗೆ ಹೋಗಿಬರೋಣ, ಒಂದೇ ಗಂಟೆ ದಾರಿ ಅಲ್ವಾ ಅನ್ನುತ್ತಾರೆ. ಜಾಗ ಚೆನ್ನಾಗಿದೆ, ಖಂಡಿತ ನೋಡಬೇಕಾದದ್ದೇ. ಆದರೆ ಅದೂ ಇಡೀ ದಿನದ ಓಡಾಟ. ಅದಕ್ಕೆ ಬೇರೆ ದಿನ ಇಡಿ. ಖಾಲಿ ದಿನ ತಡವಾಗಿ ಏಳಿ, ಬಟ್ಟೆ ಒಗೆದುಕೊಳ್ಳಿ, ಮಕ್ಕಳು ಹೋಟೆಲಿನ ಈಜುಕೊಳದಲ್ಲಿ ಬಿದ್ದಿರಲಿ. ಅಡುಗೆಮನೆ ಇರುವ ರೂಮು ಹಿಡಿದಿದ್ದರೆ ಬಿಸಿ ಅನ್ನ, ತಿಳಿಸಾರು ಮಾಡಿಕೊಳ್ಳಿ. ಮಾರನೇ ದಿನ ಮಕ್ಕಳ ಮುಖವೇ ಬೇರೆ ಇರುತ್ತದೆ.

ನಾಲ್ಕು ಪಾರ್ಕಿಗೂ ಒಂದೇ ಅಳತೆ ಸಲ್ಲದು. ಮ್ಯಾಜಿಕ್ ಕಿಂಗ್‌ಡಮ್‌ಗೆ ಪೂರ್ತಿ ದಿನ ಬೇಕೇ ಬೇಕು. ಕಾರು ನಿಲ್ಲಿಸಿದ ಜಾಗದಿಂದ ನೇರವಾಗಿ ಗೇಟಿಗೆ ಹೋಗೋಕೆ ಆಗೋದಿಲ್ಲ. ಮಧ್ಯೆ ಕೆರೆ ಇದೆ, ಮಾನೋರೈಲಿನಲ್ಲೋ ದೋಣಿಯಲ್ಲೋ ದಾಟಬೇಕು, ಬ್ಯಾಗ್ ತಪಾಸಣೆ ಬೇರೆ. ಇಷ್ಟಕ್ಕೇ ಮುಕ್ಕಾಲು ಗಂಟೆ ಹೋಗಬಹುದು. ರಾತ್ರಿ ಪಟಾಕಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಡುವಾಗ ಇನ್ನೂ ಜಾಸ್ತಿ. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಈ ಒಂದು ಪಾರ್ಕಿಗೇ ಎರಡು ದಿನ ಕೊಟ್ಟು ಬೇರೆ ಒಂದನ್ನು ಬಿಟ್ಟರೂ ನಷ್ಟವಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಬಿಡುವುದಾದರೆ ಯಾವುದನ್ನು? ಮಗುವಿನ ಎತ್ತರ ನೋಡಿ ತೀರ್ಮಾನ ಮಾಡಿ. ಹಾಲಿವುಡ್ ಸ್ಟುಡಿಯೋಸ್‌ನ ಹೆಸರಾದ ರೈಡುಗಳಲ್ಲಿ ಹೆಚ್ಚಿನವಕ್ಕೆ ಎತ್ತರದ ನಿಯಮ ಇದೆ. 102 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಅಲ್ಲಿ ದೊಡ್ಡ ರೈಡುಗಳು ಸಿಗೋದು ಕಷ್ಟ. ಹದಿಹರೆಯದವರಿದ್ದರೆ ಇದೇ ಅವರಿಗೆ ಇಷ್ಟವಾಗುವ ಪಾರ್ಕ್. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಮಗುವಿನ ಎತ್ತರ ಅಳೆದುಕೊಂಡು ಬನ್ನಿ, ಇಲ್ಲಿ ಸಾಲಿನ ಬಾಗಿಲಲ್ಲಿ ಅಳತೆಗೋಲು ಇಟ್ಟು "ಈ ಸಲ ಆಗೋದಿಲ್ಲ" ಅಂದಾಗ ಮಗು ಅಳುವುದನ್ನು ನೋಡೋಕಾಗೋದಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಹತ್ತುವ ಆಸೆ ಇದ್ದರೆ ಅದಕ್ಕೊಂದು ವ್ಯವಸ್ಥೆ ಇದೆ. ಒಬ್ಬರು ಹೋಗಿ ಬರುವ ತನಕ ಇನ್ನೊಬ್ಬರು ಮಗು ಜೊತೆ ಕಾಯಬಹುದು, ಆಮೇಲೆ ಅವರು ಮತ್ತೆ ಪೂರ್ತಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಸಿಬ್ಬಂದಿಯನ್ನು ಕೇಳಿದರೆ ಹೇಳುತ್ತಾರೆ.

ಎಪ್ಕಾಟ್ ಹಿರಿಯರ ಪಾರ್ಕ್. ಕೆರೆಯ ಸುತ್ತ 11 ದೇಶಗಳ ಮಾದರಿ ಕಟ್ಟಿದ್ದಾರೆ, ಸುತ್ತು ಹಾಕಿದರೆ ಹೆಚ್ಚುಕಡಿಮೆ ಎರಡು ಕಿ.ಮೀ. ಬಿಸಿಲು ಇಳಿದ ಮೇಲೆ ನಿಧಾನವಾಗಿ ನಡೆದರೆ ಚೆನ್ನ.

ಅನಿಮಲ್ ಕಿಂಗ್‌ಡಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮವರು ಅವಸರ ಮಾಡಿ ಕಳೆದುಕೊಳ್ಳುವುದು ಇದನ್ನೇ. ಬೆಳಿಗ್ಗೆ ಬೇಗ ಹೋದರೆ ಸಫಾರಿಯಲ್ಲಿ ಪ್ರಾಣಿಗಳು ಓಡಾಡುವುದು ಕಾಣುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೊರಟರೂ ತೃಪ್ತಿ ಇರುತ್ತದೆ. ಅಲ್ಲಿ ಏಷ್ಯಾ ವಿಭಾಗಕ್ಕೆ ಆನಂದಪುರ ಅಂತ ಹೆಸರು. ಬಣ್ಣ ಮಾಸಿದ ಗೋಡೆ, ಹಳೆಯ ದೇವಸ್ಥಾನದ ಥರ ಪಾಳುಬಿದ್ದ ಗೋಪುರ, ಅದರ ಮೇಲೆ ಹಗ್ಗದಿಂದ ಹಗ್ಗಕ್ಕೆ ಜೀಕುವ ಗಿಬ್ಬನ್ ಕೋತಿಗಳು. ನಮ್ಮ ಮಾವನವರು ಊರಿಂದ ಬಂದಿದ್ದಾಗ ಮೊಣಕಾಲು ನೋವು ಅಂತ ಅಲ್ಲೇ ಬೆಂಚಿನ ಮೇಲೆ ಕೂತರು. ಮಕ್ಕಳು ರೈಡಿಗೆ ಹೋಗಿ ಬರುವ ತನಕ ಆ ಕೋತಿಗಳನ್ನೇ ನೋಡುತ್ತಿದ್ದರು. ಒಂದು ಗಿಬ್ಬನ್ ಕೂಗು ಶುರು ಮಾಡಿತು, ಇನ್ನೊಂದು ದನಿಗೂಡಿಸಿತು, ಪಕ್ಕದಲ್ಲಿ ಕೂತಿದ್ದ ಯಾರೋ ಅಮೆರಿಕದ ಅಜ್ಜಿಗೆ ಮಾವ ಕೈಸನ್ನೆಯಲ್ಲೇ ತೋರಿಸಿ ನಗುತ್ತಿದ್ದರು. ಚಟ್ನಿಪುಡಿ ಹಚ್ಚಿದ ಚಪಾತಿ ಸುರುಳಿ ಅಲ್ಲೇ ತಿಂದರು. ಮನೆಗೆ ಬಂದ ಮೇಲೆ ತುಂಬ ದಿನ ಅವರು ಹೇಳುತ್ತಿದ್ದದ್ದು ಅದನ್ನೇ. ಆ ದಿನ ನಾವು ಇನ್ನೊಂದು ಪಾರ್ಕಿಗೆ ಓಡುವ ಯೋಚನೆ ಇಟ್ಟುಕೊಂಡಿದ್ದರೆ ಅವರಿಗೆ ಆ ಬೆಂಚು ಸಿಗುತ್ತಿರಲಿಲ್ಲ. ಒಂದೇ ದಿನದಲ್ಲಿ ಎರಡು ಮೂರು ಪಾರ್ಕು ಸುತ್ತುವ ಟಿಕೆಟ್ ಇದೆ, ಅದಕ್ಕೆ ದುಡ್ಡೂ ಜಾಸ್ತಿ. ಹಿರಿಯರು ಜೊತೆಗಿದ್ದರೆ ದಯವಿಟ್ಟು ಅದನ್ನು ತೆಗೆದುಕೊಳ್ಳಬೇಡಿ.

ಅಂದ ಹಾಗೆ, ಚಪಾತಿ, ಪುಳಿಯೋಗರೆ, ಮೊಸರನ್ನ ಎಲ್ಲವನ್ನೂ ಡಿಸ್ನಿ ಪಾರ್ಕಿನ ಒಳಗೆ ಒಯ್ಯಲು ಬಿಡುತ್ತಾರೆ. ಗಾಜಿನ ಬಾಟಲಿ, ಮದ್ಯ ಮಾತ್ರ ಬೇಡ. ಒಳಗಿನ ತಿಂಡಿ ಅಂಗಡಿಗಳಲ್ಲಿ ಕೇಳಿದರೆ ಲೋಟದಲ್ಲಿ ತಣ್ಣೀರು ಪುಕ್ಕಟೆ ಕೊಡುತ್ತಾರೆ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ನಮ್ಮ ಹಿರಿಯರು ಅದರಲ್ಲಿ ಕೂರಲು ಸಂಕೋಚ ಪಡುತ್ತಾರೆ. ಇಲ್ಲಿ ಯಾರೂ ತಿರುಗಿ ನೋಡೋದಿಲ್ಲ ಅಂತ ಹೊರಡುವ ಮೊದಲೇ ಅವರಿಗೆ ಹೇಳಿ ಒಪ್ಪಿಸಿ.

ಬೆಂಗಳೂರಿನಿಂದ ನೇರವಾಗಿ ಒರ್ಲ್ಯಾಂಡೊಗೆ ಬರುವವರು ಇನ್ನೊಂದು ವಿಷಯ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ ಇಲ್ಲಿಗೂ ನಮ್ಮೂರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಇಲ್ಲಿ ಮಧ್ಯಾಹ್ನ 2 ಗಂಟೆ ಆದಾಗ ಮಗುವಿನ ಮೈಗೆ ರಾತ್ರಿ 11.30. ಪೆರೇಡ್ ಹೋಗುತ್ತಿದ್ದರೂ ತಳ್ಳುಗಾಡಿಯಲ್ಲಿ ಬಾಯಿ ತೆರೆದು ಮಲಗಿರುವ ಮಕ್ಕಳನ್ನು ನೋಡಿದ್ದೇನೆ, ಮೊಬೈಲ್ ಹಿಡಿದು "ಏಳು ಪುಟ್ಟಾ, ನೋಡು" ಅಂತ ಅಲುಗಾಡಿಸುವ ಅಪ್ಪಂದಿರನ್ನೂ ನೋಡಿದ್ದೇನೆ. ಆದ್ದರಿಂದ ಮೊದಲು ನೆಂಟರ ಮನೆಯಲ್ಲಿ ನಾಲ್ಕೈದು ದಿನ ಇದ್ದು ನಿದ್ದೆ ಸರಿಹೋದ ಮೇಲೆ ಇಲ್ಲಿಗೆ ಬನ್ನಿ. ಬರುವ ದಾರಿಯಲ್ಲೇ ಡಿಸ್ನಿ ಮುಗಿಸಿಕೊಳ್ಳೋದು ಬೇಡ.

ತಿಂಗಳೂ ದಿನಗಳನ್ನು ಹೆಚ್ಚು ಕಡಿಮೆ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲು, ಮಿಂಚಿದರೆ ಹೊರಗಿನ ರೈಡುಗಳನ್ನು ನಿಲ್ಲಿಸಿಬಿಡುತ್ತಾರೆ. ಇಂಥ ತಿಂಗಳಲ್ಲಿ ಮೂರು ದಿನದ ಕೆಲಸಕ್ಕೆ ನಾಲ್ಕು ದಿನ ಬೇಕಾಗಬಹುದು. ನಮ್ಮ ಕರ್ನಾಟಕದ ಶಾಲೆಗಳಿಗೆ ಏಪ್ರಿಲ್-ಮೇ ರಜೆ ಇರುವುದು ಇಲ್ಲಿ ಅನುಕೂಲ. ಅಮೆರಿಕದ ಶಾಲೆಗಳು ಮುಚ್ಚುವುದು ಮೇ ಕೊನೆಗೆ ಇಲ್ಲವೇ ಜೂನ್‌ನಲ್ಲಿ, ಹಾಗಾಗಿ ಮೇ ಮೊದಲ ಎರಡು ವಾರ ಸಾಲು ಅಷ್ಟಿಷ್ಟು ಕಡಿಮೆ. ತೊಂದರೆ ಏನೆಂದರೆ, ಇಲ್ಲಿರುವ ಅಣ್ಣ-ಅಕ್ಕನ ಮಕ್ಕಳಿಗೆ ಆಗ ಶಾಲೆ ನಡೆಯುತ್ತಿರುತ್ತದೆ. ಮಕ್ಕಳು ಒಟ್ಟಿಗೆ ಆಡಲಿ ಅಂತಲೇ ಅಲ್ವಾ ಇಷ್ಟು ದೂರ ಬರೋದು? ಅಂಥವರು ಶುಕ್ರವಾರ ಸಂಜೆ ಬಂದು ಶನಿವಾರ, ಭಾನುವಾರ ಎರಡೇ ದಿನ ಎಲ್ಲರೂ ಜೊತೆಗೆ ಪಾರ್ಕಿಗೆ ಹೋಗಿ, ಉಳಿದ ಎರಡು ದಿನ ಊರಿಂದ ಬಂದವರಷ್ಟೇ ಹೋಗಬಹುದು. ಜನ ಜಾಸ್ತಿ ಇದ್ದರೂ ಪರವಾಗಿಲ್ಲ, ಮಕ್ಕಳಿಗೆ ಜೊತೆ ಮುಖ್ಯ.

ಮಗ ಮಗಳು ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅನಹೈಮ್‌ನ ಡಿಸ್ನಿಲ್ಯಾಂಡ್ 1955ರದ್ದು, ಎಲ್ಲಕ್ಕಿಂತ ಹಳೆಯದು. ಅಲ್ಲಿ ಇರುವುದು ಎರಡೇ ಪಾರ್ಕು, ಅವುಗಳ ಗೇಟುಗಳು ಎದುರುಬದುರು. ಎರಡು ದಿನ ಸಾಕು, ಪುಟ್ಟ ಮಕ್ಕಳಿದ್ದರೆ ಮೂರು. ಅದನ್ನು ನೋಡಿದವರು ಮತ್ತೆ ಫ್ಲೋರಿಡಾದ್ದನ್ನೂ ನೋಡಲೇಬೇಕು ಅಂತಿಲ್ಲ.

ಕೊನೆಗೆ ಎರಡು ಕೋರಿಕೆ. ಒಂದು, ಅಮೆರಿಕ ಪ್ರವಾಸದ ಪ್ಯಾಕೇಜ್ ನಡೆಸುವವರಿಗೆ. ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರಾ ಎಲ್ಲ ಮುಗಿಸಿ ಒರ್ಲ್ಯಾಂಡೊಗೆ ಬರುವ ಹೊತ್ತಿಗೆ ಡಿಸ್ನಿಗೆ ಒಂದೇ ದಿನ ಉಳಿದಿರುತ್ತದೆ. ಒಂದೇ ದಿನ ಆದರೂ ಸರಿ, ಎಲ್ಲರಿಗೂ ವಾರಗಟ್ಟಲೆ ಇರಲು ಆಗುವುದಿಲ್ಲ. ಆದರೆ ಯಾವ ಪಾರ್ಕ್, ಗೇಟಿನ ಒಳಗೆ ಎಷ್ಟು ಗಂಟೆ, ರಾತ್ರಿಯ ಪಟಾಕಿ ತನಕ ಇರುತ್ತೀರೋ ಇಲ್ಲವೋ ಅನ್ನೋದನ್ನು ಜಾಹೀರಾತಿನಲ್ಲೇ ಸ್ಪಷ್ಟವಾಗಿ ಹಾಕಿ. "ಡಿಸ್ನಿ ವರ್ಲ್ಡ್ ಭೇಟಿ" ಅಂತ ಒಂದು ಸಾಲು ಬರೆದರೆ ಜನರಿಗೆ ನಾಲ್ಕೂ ತೋರಿಸುತ್ತಾರೆ ಅನ್ನಿಸುತ್ತದೆ. ವರ್ಷಗಟ್ಟಲೆ ಉಳಿಸಿದ ದುಡ್ಡಿನಲ್ಲಿ ಮೊಮ್ಮಕ್ಕಳನ್ನು ಕರೆತಂದವರು ಸಂಜೆ ಐದಕ್ಕೆ ಬಸ್ ಹತ್ತಿ ಹೊರಟಾಗ, ಕೋಟೆಯ ಮೇಲಿನ ಪಟಾಕಿ ನೋಡದೆ ಹೋಗುವ ಮಕ್ಕಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ನಿಮಗೆ, ಸಂಪಾದಕರೇ. ಪ್ರವಾಸದ ಬರಹ ಹಾಕುವಾಗ ಬರೆದವರ ಜೊತೆ ಯಾರ್ಯಾರು ಇದ್ದರು, ಮಕ್ಕಳ ವಯಸ್ಸೆಷ್ಟು, ಯಾವ ತಿಂಗಳು, ಎಷ್ಟು ದಿನ, ಯಾವುದನ್ನು ಬಿಟ್ಟರು ಅನ್ನುವ ನಾಲ್ಕು ಸಾಲು ಕೊನೆಯಲ್ಲಿ ಸೇರಿಸಲು ಹೇಳಿ. ಮೂರು ವರ್ಷದೊಳಗಿನ ಮಗುವಿಗೆ ಡಿಸ್ನಿಯಲ್ಲಿ ಟಿಕೆಟ್ ಇಲ್ಲ, ಹತ್ತು ವರ್ಷ ತುಂಬಿದರೆ ದೊಡ್ಡವರ ಟಿಕೆಟ್. ಇಂಥ ಸಣ್ಣ ವಿಷಯಗಳೂ ಅದರಲ್ಲಿ ಬರಲಿ. ಈ ಬೇಸಿಗೆಗೆ ಟಿಕೆಟ್ ಮಾಡಿಸುವವರು ಈಗಲೇ ಲೆಕ್ಕ ಹಾಕುತ್ತಿರುತ್ತಾರೆ, ಬೇಗ ಹಾಕಿದರೆ ಅವರಿಗೆ ಉಪಯೋಗಕ್ಕೆ ಬರುತ್ತದೆ.

ಇಂತಿ,
ನಿಮ್ಮ ಓದುಗಿ
ಟ್ಯಾಂಪಾ, ಫ್ಲೋರಿಡಾ (ಊರು: ತುಮಕೂರು)