ಆ ಬ್ಯಾಗಿಗೆ ಬಿಲ್ಲು ಇಲ್ಲ ಅಮ್ಮ

ಮಿಲಾನ್
ಜುಲೈ 20

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಪ್ಪ, ಅಜ್ಜಿ, ಆಶಾ ಎಲ್ಲರೂ ಕ್ಷೇಮ ತಾನೇ? ಅಜ್ಜಿಯ ಮಂಡಿ ನೋವು ಮಳೆಗೆ ಜಾಸ್ತಿ ಆಗಿರಬೇಕು.

ನಿನ್ನ ಕಾಗದ ಮೊನ್ನೆ ಬಂತು. ಫೋನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀಯ. ಅಪ್ಪ, ಅಜ್ಜಿ, ತೋಟದ ಕೆಲಸದವರು, ಕಾಫಿಗೆ ಬಂದವರು ಎಲ್ಲರಿಗೂ ಕೇಳಿಸುತ್ತದೆ. ಇದು ಹಾಗೆ ಹೇಳುವ ಮಾತಲ್ಲ. ಒಬ್ಬಳೇ ಕೂತು ಓದು.

ನಾನು ತಂದುಕೊಟ್ಟ ಲೂಯಿ ವಿಟಾನ್ ಬ್ಯಾಗಿನ ಬಂಗಾರದ ಬಣ್ಣದ ಕೊಂಡಿ ಹಸಿರಾಗಿದೆ, ಹಿಡಿಕೆ ಸಿಪ್ಪೆ ಏಳುತ್ತಿದೆ, ನಿಶ್ಚಿತಾರ್ಥದ ಸೀರೆಗೆ ಬಣ್ಣ ಹತ್ತಿದೆ ಅಂತ ಬರೆದಿದ್ದೀಯ. ಬೆಂಗಳೂರಲ್ಲಿ ಆ ಕಂಪನಿಯವರದೇ ಅಂಗಡಿ ಇದೆಯಂತೆ, ಬಿಲ್ಲು ಕಳಿಸು, ರಿಪೇರಿಗೆ ಕೊಡುತ್ತೇನೆ ಅಂದಿದ್ದೀಯ. ಮೇಲಿಂದ ಆಶಾಳ ನಾದಿನಿ ಆಗುವವಳಿಗೂ ಅಂಥದ್ದೇ ಒಂದು ಬೇಕಂತೆ.

ಅಮ್ಮ, ಬಿಲ್ಲು ಇಲ್ಲ. ಆ ಬ್ಯಾಗು ಡೂಪ್ಲಿಕೇಟ್.

ಎರಡು ವರ್ಷದ ಹಿಂದೆ, ಊರಿಗೆ ಬರುವ ಹಿಂದಿನ ವಾರ, ಆಫೀಸಿನವರ ಜೊತೆ ವೆನಿಸ್‌ಗೆ ಹೋಗಿದ್ದೆ. ಸೇತುವೆ ಪಕ್ಕ ಒಬ್ಬ ಹುಡುಗ ಬಿಳಿ ಬೆಡ್‌ಶೀಟ್ ಹಾಸಿ ಅದರ ಮೇಲೆ ಬ್ಯಾಗು ಜೋಡಿಸಿಟ್ಟಿದ್ದ. ಬೆಡ್‌ಶೀಟಿನ ನಾಲ್ಕು ಮೂಲೆಗೂ ಹಗ್ಗ. ಪೊಲೀಸರು ಕಂಡರೆ ಹಗ್ಗ ಎಳೆದರಾಯಿತು, ಅಂಗಡಿಯೇ ಗಂಟಾಗುತ್ತದೆ. ಹೆಗಲಿಗೆ ಹಾಕಿಕೊಂಡು ಓಟ! ನಮ್ಮ ಸಂತೆಯವರಿಗೆ ಇನ್ನೂ ಈ ಉಪಾಯ ಹೊಳೆದಿಲ್ಲ ನೋಡು. 80 ಯೂರೋ ಅಂದ. ನಾನು ಸೋಮವಾರಪೇಟೆ ಸಂತೆಯಲ್ಲಿ ನಿನ್ನ ಸೆರಗು ಹಿಡಿದು ಚೌಕಾಸಿ ಕಲಿತವಳು, 35ಕ್ಕೆ ಇಳಿಸಿದೆ. ಅಸಲಿ ಲೂಯಿ ವಿಟಾನ್‌ನಲ್ಲಿ ಆ ತರದ್ದಕ್ಕೆ ನಮ್ಮ ದುಡ್ಡಲ್ಲಿ ಒಂದೂವರೆ ಲಕ್ಷದ ಮೇಲೆ. ಆಗ ನನ್ನ ಹತ್ತಿರ ಬಾಡಿಗೆಗೇ ಸರಿಯಾಗಿ ದುಡ್ಡಿರಲಿಲ್ಲ.

ನಿನ್ನ ಕೈಗೆ ಕೊಡುವಾಗ ಹೇಳಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ನೀನು ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿಬಿಟ್ಟೆ. ಆಮೇಲೆ ನಾಲಿಗೆ ಏಳಲಿಲ್ಲ. ಪ್ರತಿ ಮದುವೆಗೂ ಅದನ್ನು ಹಿಡಿದು ಹೋದೆ, ‘ಮಗಳು ಇಟಲಿಯಿಂದ ತಂದಿದ್ದು’ ಅಂದೆ. ಅದೇನೋ ಸುಳ್ಳಲ್ಲ, ಇಟಲಿಯಿಂದಲೇ ತಂದಿದ್ದು.

ಪಕ್ಕದ ಹೊಲಿಗೆ ಹತ್ತಿರ ಬೆಳಕಿಗೆ ಹಿಡಿದು ನೋಡು. ಒಂದು ಕಡೆ ಅರ್ಧ ಹೂವು, ಇನ್ನೊಂದು ಕಡೆ ಕಾಲು ಹೂವು. ಎರಡೂ ಕೂಡುವುದೇ ಇಲ್ಲ. ನೀನು ಬ್ಲೌಸ್ ಹೊಲಿಯುವವಳು, ಇಷ್ಟು ದಿನ ಹೇಗೆ ಕಾಣಲಿಲ್ಲವೋ! ತಮಾಷೆ ಅಂದರೆ, ಆ ಕಂಪನಿಯವರು ಆ ಅಕ್ಷರ, ಹೂವಿನ ಚಿತ್ತಾರ ತಂದಿದ್ದೇ ಡೂಪ್ಲಿಕೇಟ್ ಮಾಡುವವರ ಕಾಟ ತಡೆಯಲಾರದೆ. ಅದೂ 1896ರಲ್ಲಿ. ಈಗ ಬೀದಿ ಬೀದಿಯಲ್ಲಿ ಡೂಪ್ಲಿಕೇಟ್ ಆಗಿರುವುದು ಅದೇ ಚಿತ್ತಾರ.

ಈ ಸಲ ಸುಮ್ಮನೆ ಇನ್ನೊಂದು ಅಂಥದ್ದೇ ತಂದುಕೊಡಬಹುದಿತ್ತಲ್ಲ ಅಂತ ನಿನಗೆ ಅನಿಸಬಹುದು. ಆಗಲ್ಲ ಅಮ್ಮ. ಇಲ್ಲಿ ಮಾರಿದವರಿಗೆ ಮಾತ್ರ ಅಲ್ಲ, ಕೊಂಡವರಿಗೂ ದಂಡ. 2005ರಿಂದಲೇ ಕಾನೂನಿದೆಯಂತೆ. 7,000 ಯೂರೋವರೆಗೂ ಹಾಕಬಹುದು, ಅಂದರೆ ಏಳು ಲಕ್ಷ! ನನಗೆ ಗೊತ್ತೇ ಇರಲಿಲ್ಲ. ಆಫೀಸಿನ ಕೆಳಗೆ ಕಾಫಿ ಕುಡಿಯುವಾಗ ಜೊತೆಯವಳು ಹೇಳಿದಳು. (ಇಲ್ಲಿಯವರು ನಿಂತುಕೊಂಡೇ ಎರಡು ಗುಟುಕಲ್ಲಿ ಕಾಫಿ ಮುಗಿಸುತ್ತಾರೆ. ಊಟ ಆದಮೇಲೆ ಹಾಲು ಹಾಕಿದ್ದು ಕೇಳಿದರೆ ನನ್ನನ್ನು ಕಾಯಿಲೆಯವಳ ತರ ನೋಡುತ್ತಾರೆ. ನಮ್ಮ ದೇಶದ ಕಾಫಿ ಎಲ್ಲಕ್ಕಿಂತ ಜಾಸ್ತಿ ಬರುವುದು ಇಟಲಿಗೇ, ನಿನ್ನ ಕಪ್ಪಲ್ಲಿ ನಮ್ಮೂರ ರೋಬಸ್ಟಾನೂ ಇರಬಹುದು ಅಂತ ಅವಳಿಗೆ ಅಂದರೆ ನಗುತ್ತಾಳೆ.) ಅವಳ ಮಾತು ಕೇಳಿ ನನ್ನ ಕಾಫಿ ಗಂಟಲಲ್ಲೇ ನಿಂತಿತು.

ನಾದಿನಿ ದುಡ್ಡು ಕೊಡುತ್ತಾಳೆ, ಸುಮ್ನೆ ತೆಗೆದುಕೊ ಅಂತಲೂ ಬರೆದಿದ್ದೀಯ. ಅದು ಇನ್ನೂ ಕೆಟ್ಟದ್ದು. ದುಡ್ಡು ತೆಗೆದುಕೊಂಡರೆ ನಾನು ಮಾರಿದವಳಾಗುತ್ತೇನೆ. ಡೂಪ್ಲಿಕೇಟ್ ಮಾರಿದವರಿಗೆ ನಮ್ಮಲ್ಲೂ 1999ರ ಟ್ರೇಡ್‌ಮಾರ್ಕ್ ಕಾಯ್ದೆ ಪ್ರಕಾರ ಮೂರು ವರ್ಷದವರೆಗೆ ಜೈಲಿದೆ. ನೀನು ಗಾಬರಿ ಆಗಬೇಡ. ನಿನ್ನ ಬ್ಯಾಗು ಹುಡುಕಿಕೊಂಡು ಸೋಮವಾರಪೇಟೆಗೆ ಯಾರೂ ಬರುವುದಿಲ್ಲ. ನನ್ನ ಕೆಲಸ, ವೀಸಾ ಎಲ್ಲ ಸರಿಯಾಗಿದೆ. ನನಗೆ ಯಾವ ದಂಡವೂ ಬಿದ್ದಿಲ್ಲ.

ಆ ಕಂಪನಿಗೆ ನಷ್ಟ ಆಯಿತು ಅಂತ ನನಗೆ ದುಃಖ ಇಲ್ಲ. ಅಸಲಿಯವರೂ ಏನು ಸಾಚಾ ಅಲ್ಲ. 2024ರಲ್ಲಿ ಇಲ್ಲಿನ ಕೋರ್ಟಿನಲ್ಲೇ ಹೊರಬಿತ್ತು. ಅಂಗಡಿಯಲ್ಲಿ 2,600 ಯೂರೋಗೆ ಮಾರುತ್ತಿದ್ದ ಇನ್ನೊಂದು ದೊಡ್ಡ ಹೆಸರಿನ ಬ್ಯಾಗಿಗೆ, ಚರ್ಮದ ಖರ್ಚು ಬಿಟ್ಟು, ಹೊಲಿಸಿಕೊಟ್ಟವರಿಗೆ ಕೊಟ್ಟಿದ್ದು 53 ಯೂರೋ. ಕೆಲಸದವರು ಮಲಗುತ್ತಿದ್ದುದೂ ಮೆಷಿನ್ ಪಕ್ಕದಲ್ಲೇ ಅಂತೆ. ಅಲ್ಲಿ ಕೋರ್ಟಾದರೂ ಹೋಗಿ ಕೇಳಿತು. ನನ್ನ 35 ಯೂರೋದಲ್ಲಿ ಹೊಲಿದವರಿಗೆ ಎಷ್ಟು ಹೋಯಿತು, ಆ ಬೆಡ್‌ಶೀಟಿನ ಹುಡುಗನಿಗೆ ಎಷ್ಟು ಉಳಿಯಿತು, ಕೇಳುವವರು ಯಾರು?

ನನ್ನನ್ನು ಕೊರೆಯುತ್ತಿರುವುದು ಬೇರೆ. ಅಪ್ಪನ ಮೆಣಸು. 2017ರಲ್ಲಿ ವಿಯೆಟ್ನಾಂ ಮೆಣಸು ತಂದು ನಮ್ಮ ಮೆಣಸಿಗೆ ಬೆರೆಸುತ್ತಾರೆ ಅಂತ ಗೋಣಿಕೊಪ್ಪದಲ್ಲಿ ಗಲಾಟೆ ಆಯಿತಲ್ಲ, ಅಪ್ಪ ಅವತ್ತು ಊಟ ಬಿಟ್ಟು ಕೂತಿದ್ದರು. ‘ನಾವು ಬಳ್ಳಿ ಕಟ್ಟಿ ಸಾಯೋದು, ಹೆಸರು ಮಾತ್ರ ಅವರು ಮಾರ್ಕೊಳ್ಳೋದು’ ಅಂದಿದ್ದರು. ಆ ಬ್ಯಾಗು ನೋಡಿದಾಗಲೆಲ್ಲ ಅದೇ ಮಾತು. ಅಪ್ಪನಿಗೆ ನೀನೇ ಸಮಯ ನೋಡಿ ಹೇಳು. ನನಗೆ ಧೈರ್ಯ ಇಲ್ಲ.

ಬೀಗರ ವಿಷಯ ನನಗೆ ಬಿಡು. ನಾದಿನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಅಮ್ಮನಿಗೂ ಗೊತ್ತಿರಲಿಲ್ಲ ಅಂತ. ಮದುವೆಗೆ ಬರುವಾಗ ಅವಳಿಗೆ ಫ್ಲಾರೆನ್ಸ್‌ನಿಂದ ಚರ್ಮದ ಬ್ಯಾಗು ತರುತ್ತೇನೆ, ಹೆಸರಿಲ್ಲದ್ದು, ಬಿಲ್ಲಿರುವುದು. ಅದಕ್ಕೆಲ್ಲ ದುಡ್ಡಿದೆ, ನಿಜವಾಗಿ ಇದೆ. ಬ್ಯಾಗು ಡೂಪ್ಲಿಕೇಟ್ ಅಂತ ಯಾರೂ ಮದುವೆ ಮುರಿಯುವುದಿಲ್ಲ. ಹಾಗೇನಾದರೂ ಮುರಿದರೆ ಆಶಾ ಬದುಕಿದಳು ಅನ್ನು. ಅಯ್ಯೋ, ಇದನ್ನು ಅವಳಿಗೆ ಓದಿ ಹೇಳಬೇಡ. ಏನೂ ಆಗಲ್ಲ, ನಿದ್ದೆ ಕೆಡಬೇಡ.

ಇನ್ನೊಂದು. ಇನ್‌ಸ್ಟಾಗ್ರಾಮ್‌ನಲ್ಲಿ 6,000ಕ್ಕೆ ಫಸ್ಟ್ ಕಾಪಿ ಸಿಗುತ್ತೆ ಅಂತ ಆಶಾ ಲಿಂಕ್ ಕಳಿಸಿದ್ದಾಳೆ. ಮುಂಗಡ ಹಾಕಬೇಡ ಅನ್ನು. ದುಡ್ಡು ನುಂಗಿದರೆ ಸ್ಟೇಷನ್‌ಗೆ ಹೋಗಿ ಏನಂತ ದೂರು ಕೊಡುತ್ತಾಳೆ? ಡೂಪ್ಲಿಕೇಟ್ ಬರಲಿಲ್ಲ ಅಂತಾನಾ?

ನನ್ನ ಮದುವೆ ವಿಷಯ ಕೇಳಿದ್ದೀಯ, ಈ ಕಾಗದದಲ್ಲಿ ಜಾಗ ಇಲ್ಲ. ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತೀಯಲ್ಲ, ನನ್ನ ಪಾಲು ಅಜ್ಜಿಗೆ ಹಾಕು. ಸೀರೆ ಡ್ರೈಕ್ಲೀನಿಂಗ್‌ಗೆ ಕೊಡು, ಮನೆಯಲ್ಲಿ ತೊಳೆಯಬೇಡ. ಬ್ಯಾಗನ್ನು ಬೇರೆ ಬಟ್ಟೆ ಜೊತೆ ಬೀರುವಲ್ಲಿ ಇಡಬೇಡ, ಬೂಸ್ಟು ಹತ್ತುತ್ತದೆ.

ಟ್ರಾಮ್ ಬಂತು, ಉಳಿದಿದ್ದು ಫೋನಲ್ಲಿ. ಸ್ಪೀಕರ್ ಹಾಕಬೇಡ.

ನಿನ್ನ
ಸುಮಾ