ವಿದೇಶಕ್ಕೆ ಹಣ: ದರದಲ್ಲಿ ಅಡಗಿರುವ ಶುಲ್ಕವನ್ನೂ ತಿಳಿಸಲಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ ಭಾಗದ ಅನೇಕ ಕುಟುಂಬಗಳ ಮಕ್ಕಳು ಹೊರದೇಶಗಳಲ್ಲಿ ಓದುತ್ತಿದ್ದು, ಅವರ ಕಾಲೇಜು ಶುಲ್ಕಕ್ಕೂ ಮನೆ ಬಾಡಿಗೆಗೂ ಇಲ್ಲಿಂದ ಹಣ ಕಳುಹಿಸುವ ಪೋಷಕರು ಬ್ಯಾಂಕಿನ ರವಾನೆ ಶುಲ್ಕವನ್ನಷ್ಟೇ ವಿಚಾರಿಸಿ ಸುಮ್ಮನಾಗುತ್ತಾರೆ. ಆದರೆ ಹೆಚ್ಚು ಹಣ ಸೋರುವುದು ವಿನಿಮಯ ದರದಲ್ಲಿ. ಮಾರುಕಟ್ಟೆ ದರಕ್ಕಿಂತ ಡಾಲರಿಗೆ ಒಂದೂವರೆ ರೂಪಾಯಿ ಹೆಚ್ಚು ಹಿಡಿದರೆ 10,000 ಡಾಲರಿಗೆ 15,000 ರೂಪಾಯಿ ಹೋಯಿತು. ರಸೀದಿಯಲ್ಲಿ ಅದು ಶುಲ್ಕವೆಂದು ನಮೂದಾಗುವುದೇ ಇಲ್ಲ. ನಡುವಿನ ಬ್ಯಾಂಕುಗಳು ತಮ್ಮ ಪಾಲು ಮುರಿದುಕೊಂಡು ವಿಶ್ವವಿದ್ಯಾಲಯಕ್ಕೆ ಕಡಿಮೆ ಮೊತ್ತ ತಲುಪಿದರೆ, ಆ ಸಣ್ಣ ಬಾಕಿ ತುಂಬಲು ಮತ್ತೊಮ್ಮೆ ಪೂರ್ತಿ ರವಾನೆ ಶುಲ್ಕ ತೆರಬೇಕು. ಕಾಫಿ ಮಾರಿ ಬಂದ ಹಣಕ್ಕೆ ಇದು ಸಣ್ಣ ಪೆಟ್ಟಲ್ಲ.

2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ರವಾನೆಗೆ ಟಿಸಿಎಸ್ (ಹಣ ಕಳುಹಿಸುವಾಗಲೇ ಬ್ಯಾಂಕ್ ವಸೂಲು ಮಾಡುವ ತೆರಿಗೆ) ಇಲ್ಲ. ಅದಕ್ಕೂ ಮೇಲಿನ ಮೊತ್ತಕ್ಕೆ ವಸೂಲಾದದ್ದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಇದೂ ಬಹಳ ಮಂದಿಗೆ ತಿಳಿದಿಲ್ಲ. ಗ್ರಾಹಕರು ವಿದೇಶಕ್ಕೆ ಹಣ ಕಳುಹಿಸಲು ಕೊಡಬೇಕಾದ ಎ2 ಅರ್ಜಿಗೆ ಸಹಿ ಹಾಕುವ ಮುನ್ನ ಆ ದಿನದ ಮಾರುಕಟ್ಟೆ ದರ, ಬ್ಯಾಂಕಿನ ದರ, ಜಿಎಸ್‌ಟಿ ಹಾಗೂ ಅಲ್ಲಿ ಕೈಸೇರುವ ಮೊತ್ತವನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡುವಂತೆ ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಜಿಲ್ಲಾ ಲೀಡ್ ಬ್ಯಾಂಕ್ ಎಲ್ಲ ಶಾಖೆಗಳಿಗೂ ಸೂಚಿಸಬೇಕೆಂದು ಕೋರುತ್ತೇನೆ.

ಪೋಷಕರೊಬ್ಬರು, ಚಿಕ್ಕಮಗಳೂರು