ತಲೆ ಉಪಯೋಗಿಸು ಮಾರಾಯ

ಲೋ ಚಿತ್ರಗುಪ್ತ,

ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಎತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಇಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಉತ್ತರ ಕೊಡದಿದ್ದರೆ ಅವರೇ ನಿನ್ನನ್ನು ವಿಚಾರಿಸಿಕೊಳ್ಳುತ್ತಾರೆ. (ಉಳಿದವರು ಕ್ಷಮಿಸಿ, ಹಸಿರು ಛತ್ರಿಯ ಕಥೆ ಇವತ್ತೂ ಹೇಳುವುದಿಲ್ಲ.)

ಮಾರ್ಫಾಗೆ ಹೋಗಿದ್ದೆ ಕಣೋ! ಟೆಕ್ಸಾಸಿನ ಪಶ್ಚಿಮದ ಮೂಲೆ. ಎಲ್ ಪಾಸೋದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ದಾರಿಯುದ್ದಕ್ಕೂ ಒಣಹುಲ್ಲು, ಆಕಾಶ, ಮತ್ತೆ ಒಣಹುಲ್ಲು. ಹಾಸ್ಟೆಲ್ ಗೋಡೆ ಮೇಲೆ ನೀನು ಅಲ್ಯುಮಿನಿಯಂ ಪೆಟ್ಟಿಗೆಗಳ ಒಂದು ಫೋಟೋ ಅಂಟಿಸಿದ್ದೆ, ನಾನು "ಇದೇನೋ, ಕಬ್ಬಿಣದ ಬೀರು ಅಂಗಡಿ ಕ್ಯಾಲೆಂಡರಾ?" ಅಂತ ಕೇಳಿದ್ದಕ್ಕೆ ನೀನು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ, ಅಲ್ವಾ? ಅವೇ ಪೆಟ್ಟಿಗೆಗಳು.

ಜಾಗ ಮೊದಲು ಸೈನ್ಯದ್ದು. 1911ರಲ್ಲಿ ಕುದುರೆ ಪಡೆಗೆಂದು ಹಾಕಿದ ಶಿಬಿರ, ಆಮೇಲೆ ಫೋರ್ಟ್ ಡಿ. ಎ. ರಸೆಲ್ ಆಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನ್ ಯುದ್ಧ ಕೈದಿಗಳನ್ನೂ ಇಲ್ಲಿ ಇಟ್ಟಿದ್ದರು. ನಿನ್ನ ದೇವರು, ಶಿಲ್ಪಿ ಡೊನಾಲ್ಡ್ ಜಡ್, 1970ರ ದಶಕದಲ್ಲಿ ನ್ಯೂಯಾರ್ಕಿನ ಗಲಾಟೆ ಬೇಡ ಅಂತ ಈ ಊರಿಗೆ ಬಂದ. ಪಾಳುಬಿದ್ದ ಫಿರಂಗಿ ಶೆಡ್‌ಗಳು ಅವನ ಕಣ್ಣಿಗೆ ಬಿದ್ದವು. 1986ರಲ್ಲಿ ಅವನ ಕಲಾ ಸಂಗ್ರಹಾಲಯ, ಚಿನಾಟಿ ಫೌಂಡೇಶನ್, ಬಾಗಿಲು ತೆರೆಯಿತು. ಇತಿಹಾಸ ಇಷ್ಟು ಸಾಕು, ನಿನಗೆ ಇದೆಲ್ಲ ಬಾಯಿಪಾಠ.

ಆದರೆ ಶೆಡ್ ಒಳಗೆ ನಿಂತರೆ ಹೇಗಿರುತ್ತೆ ಅನ್ನೋದು ನಿನಗೆ ಗೊತ್ತಿಲ್ಲ. ನನಗೆ ಗೊತ್ತು! ಎರಡು ಶೆಡ್, ಜಡ್ ಮಾಡಿಸಿದ ನೂರು ಪೆಟ್ಟಿಗೆ. ಹೊರಗಿನ ಅಳತೆ ಎಲ್ಲಕ್ಕೂ ಒಂದೇ, 41, 51, 72 ಇಂಚು. ಒಳಗಿನ ಹಲಗೆಗಳು ಮಾತ್ರ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಶೆಡ್ಡಿನ ದೊಡ್ಡ ಬಾಗಿಲುಗಳನ್ನು ಕಿತ್ತು ಅಲ್ಲೆಲ್ಲ ಗಾಜು ಹಾಕಿಸಿದ್ದಾನೆ. ಚಪ್ಪಟೆ ಚಾವಣಿ ಸೋರುತ್ತಿತ್ತಂತೆ, ಅದರ ಮೇಲೆ ಕಮಾನಿನಂಥ ತಗಡಿನ ಚಾವಣಿ ಕೂರಿಸಿ ಕಟ್ಟಡದ ಎತ್ತರವನ್ನೇ ದುಪ್ಪಟ್ಟು ಮಾಡಿದ್ದಾನೆ. ಮೊದಲ ಐದು ನಿಮಿಷ ನನಗೆ ಬೀರುಗಳೇ ಕಂಡವು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ಮೋಡ ಸರಿಯಿತು. ನನ್ನ ಮುಂದಿದ್ದ ಪೆಟ್ಟಿಗೆ ಬೂದಿ ಬಣ್ಣದಿಂದ ಹಳದಿಗೆ ತಿರುಗಿತು, ಹೊರಗಿನ ಹುಲ್ಲು ಅದರ ಒಳಗೇ ಬೆಳೆದ ಹಾಗೆ, ಒಂದು ಅಂಚು ಎಲ್ಲಿ ಮುಗಿಯುತ್ತೆ ಅನ್ನೋದೇ ತಿಳಿಯಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು. ಗೈಡ್ ಕೆಮ್ಮಿದಳು. ಕೈ ಜೇಬಿಗೆ ಬಂತು.

ನಾಚಿಕೆಗೆ ಗೋಡೆ ನೋಡಿದೆ. ಇಟ್ಟಿಗೆ ಮೇಲೆ ಜರ್ಮನ್ ಅಕ್ಷರ. ಕೈದಿಗಳಿಗೆ ಅಂತ ಆಗ ಬರೆದದ್ದು, ಜಡ್ ಅಳಿಸದೆ ಹಾಗೇ ಉಳಿಸಿದ್ದಾನೆ. ಏನರ್ಥ ಅಂತ ಗೈಡನ್ನು ಕೇಳಿದೆ. ತಲೆ ಕಳೆದುಕೊಳ್ಳುವುದಕ್ಕಿಂತ ತಲೆ ಉಪಯೋಗಿಸುವುದು ವಾಸಿ.

ಉಳಿದವರೆಲ್ಲ ನಕ್ಕರು. ನನಗೆ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು ಕಣೋ. ಅದು ನನ್ನ ಮಾತು. ನೀನು ಕೆಲಸ ಬಿಟ್ಟು ಶಿಲ್ಪ ಕಲಿಯಲು ಹೋಗ್ತೀನಿ ಅಂದ ರಾತ್ರಿ, ಮೆಟ್ಟಿಲ ಮೇಲೆ ಕೂತು ನಾನು ಹೇಳಿದ್ದು ಅದನ್ನೇ. "ತಲೆ ಉಪಯೋಗಿಸು ಮಾರಾಯ." ಸಂಬಳ, ಸಾಲ, ಅಮ್ಮನ ಔಷಧಿ, ಎಲ್ಲ ಲೆಕ್ಕ ಹಾಕಿ ತೋರಿಸಿದೆ. ಲೆಕ್ಕ ಸರಿಯಾಗೇ ಇತ್ತು. ಆದರೆ ನಾನು ಅದನ್ನು ಹಾಕಿದ್ದು ನಿನಗೋಸ್ಕರ ಅಲ್ಲ. ಆ ಆಫೀಸಿನಲ್ಲಿ ನೀನಿಲ್ಲದೆ ಒಬ್ಬನೇ ಕೂರಬೇಕಲ್ಲ ಅನ್ನೋ ಭಯಕ್ಕೆ. ಇನ್ನೂ ನಿಜ ಹೇಳಬೇಕಂದರೆ, ನೀನು ಹೋಗಿ ಗೆದ್ದುಬಿಟ್ಟರೆ ಅನ್ನೋ ಭಯಕ್ಕೆ. ನೀನು ಉಳಿದೆ. ಆರು ತಿಂಗಳಿಗೆ ನಾನೇ ಬಿಟ್ಟು ಬಂದೆ. ಈಗ ನಿನ್ನ ಪೆಟ್ಟಿಗೆಗಳನ್ನು ನಾನು ನೋಡಿ ಬಂದಿದ್ದೇನೆ, ನೀನು ಜಿಎಸ್‌ಟಿ ತುಂಬಿಸುತ್ತಿದ್ದೀಯ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಹೊರಗೆ ಹುಲ್ಲಿನಲ್ಲಿ ಜಿಂಕೆಯಂಥ ಪ್ರಾಣಿಗಳು ಕಾಂಕ್ರೀಟ್ ಪೆಟ್ಟಿಗೆಗಳ ಮಧ್ಯೆ ಮೇಯ್ತಿದ್ದವು, ಅದನ್ನು ಬರೆಯೋಣ ಅಂತ ಕೂತಿದ್ದು. ಟ್ಯೂಬ್‌ಲೈಟಿನಲ್ಲೇ ಕಲೆ ಮಾಡುತ್ತಿದ್ದ ಡ್ಯಾನ್ ಫ್ಲೇವಿನ್‌ನ ದೀಪಗಳೂ ಇದ್ದವು, ಆರು ಹಳೇ ಬ್ಯಾರಕ್‌ಗಳ ತುಂಬ, ಗುಲಾಬಿ, ಹಸಿರು, ಹಳದಿ, ನೀಲಿ. ಅಲ್ಲಿ ನಾನು ತೆಗೆದ ಸೆಲ್ಫಿಯಲ್ಲಿ ಮುಖ ಮೂರು ದಿನ ಕಾಮಾಲೆ ಬಂದವನ ಹಾಗಿದೆ. ಕಲೆ ನೋಡೋಕೂ ಯೋಗ ಬೇಕು ಅಂತ ನೀನೇ ಹೇಳ್ತಿದ್ದೆಯಲ್ಲ.

ಹೆಬ್ಬೆರಳು ಎತ್ತಬೇಡ. ಬೈಯಿ ಬೇಕಾದರೆ, ಇಲ್ಲೇ, ಎಲ್ಲರ ಮುಂದೆ.

ಹಾಂ, ಹೇಗೂ ಬಾಯಿ ಬಿಟ್ಟಾಗಿದೆ, ಅದನ್ನೂ ಹೇಳಿಬಿಡುತ್ತೇನೆ: ಹಸಿರು ಛತ್ರಿ ನನ್ನ ಹತ್ತಿರವೇ ಇದೆ.

ಇಂತಿ ನಿನ್ನ,
ಬೀರು ವ್ಯಾಪಾರಿ